ಸುಣ್ಣ ಕರಗಿದ ತೊಟ್ಟಿ

ದೀಪಾವಳಿ ಕಳೆದಂದಿನಿಂದ ಆ ಮನೆಯ ಶೌಚಾಲಯದ ಫ್ಲಶ್ ತೊಟ್ಟಿ ಬುಸುಗುಟ್ಟುತ್ತಲೇ ಇತ್ತು. ತುಂಬಿದ ಮೇಲೂ ನೀರು ನಿಲ್ಲದು. ಗೋಡೆಯ ಹಿಂದೆ ಹಾವೊಂದು ಉಸಿರೆಳೆಯುತ್ತಿರುವಂತೆ ಸಣ್ಣಗೆ, ಎಡೆಬಿಡದ ಸದ್ದು. ಹೆರಿಗೆಗೆಂದು ಶ್ರೀನಿವಾಸಪುರದ ಗಂಡನ ಮನೆಯಿಂದ ಬಂದಿದ್ದ ಮಗಳು ತೇಜಸ್ವಿನಿ, "ಅಮ್ಮಾ, ಅದನ್ನ ನಿಲ್ಲಿಸ್ಬಾರ್ದಾ? ಕಣ್ಣು ಮುಚ್ಚಿದ್ರೆ ಅದೇ ಕೇಳ್ಸುತ್ತೆ" ಎಂದು ಬೆಳಗ್ಗೆಯೇ ಗೊಣಗಿದಳು. ಮಾಲೂರಿನ ಪ್ಲಂಬರು ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಕಾಗೆ ಹಾರಿಸುತ್ತಿದ್ದ. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತಳಾಗಿದ್ದ ಆದಿಲಕ್ಷ್ಮಿ ಕೊನೆಗೆ ಸೆರಗು ಸಿಕ್ಕಿಸಿ, ತಾನೇ ಆ ಪಿಂಗಾಣಿ ಮುಚ್ಚಳವನ್ನು ಎತ್ತಿ ಕೆಳಗಿಟ್ಟಳು.

ಒಳಗೆ ಸುಣ್ಣವೇ ಇರಲಿಲ್ಲ.

ಕೋಲಾರ ಸೀಮೆಯ ಬೋರ್‌ವೆಲ್ ನೀರು ತಾನು ಮುಟ್ಟಿದ ಪಾತ್ರೆಗೆಲ್ಲ ಬಿಳಿಯ ಸುಣ್ಣ ಕಟ್ಟಿಸಿಯೇ ಮುಂದೆ ಹೋಗುವುದು. ಹೋದ ವರ್ಷ ಇದೇ ತೊಟ್ಟಿಯನ್ನು ತೆರೆದಾಗ ಆ ಪೊರೆಯನ್ನು ಸ್ಕ್ರೂಡ್ರೈವರಿನಿಂದ ಹಪ್ಪಳದಂತೆ ಎಬ್ಬಿಸಿ ತೆಗೆದಿದ್ದಳು. ಈಗ ಯಾರೋ ಕುಳಿತು ಉಜ್ಜಿ ತೊಳೆದಂತೆ ಒಳಗೋಡೆ ನುಣ್ಣಗಿತ್ತು. ತೇಲುಗುಂಡನ್ನು ಹಿಡಿದಿದ್ದ ಹಿತ್ತಾಳೆಯ ಕಡ್ಡಿ ಸವೆದು ಸೂಜಿಯಷ್ಟಾಗಿ, ನಡುವೆ ಮುರಿದು ನೇತಾಡುತ್ತಿತ್ತು. ನೀರು ನಿಲ್ಲದಿದ್ದುದಕ್ಕೆ ಕಾರಣ ಅದು. ತಳದ ಬೋಲ್ಟುಗಳ ತಲೆಯನ್ನು ಏನೋ ಅರ್ಧಕ್ಕರ್ಧ ತಿಂದುಹಾಕಿತ್ತು. ಅವುಗಳ ಸುತ್ತ ನವಿಲುಗರಿಯ ಬಣ್ಣದ ಕಿಲುಬು, ತಳದಲ್ಲಿ ತೆಳು ಹಸಿರು ಗಸಿ. ಆ ಗಸಿಯನ್ನು ಬೆರಳ ತುದಿಗೆ ತೆಗೆದುಕೊಂಡವಳು ಬೆರಳನ್ನೇ ನೋಡುತ್ತ ನಿಂತಳು.

"ತೇಜೂ, ಈ ತೊಟ್ಟಿಗೆ ಕ್ಲೀನ್ ಮಾಡೋ ನೀಲಿ ಬಿಲ್ಲೆ ಗಿಲ್ಲೆ ಏನಾದ್ರೂ ಹಾಕಿದ್ಯೇನೇ?"

"ನಾನ್ಯಾಕೆ ಹಾಕ್ಲಿ? ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೇ ಆಗಲ್ಲ, ಈ ಹೊಟ್ಟೆ ಹೊತ್ಕೊಂಡು ಕಕ್ಕಸು ತೊಳೀತೀನಾ?"

ಬಿಲ್ಲೆಯ ಕೆಲಸವಾಗಿದ್ದರೆ ಕೇಡು ಆ ತೊಟ್ಟಿಯಲ್ಲೇ ನಿಲ್ಲಬೇಕಿತ್ತು. ಆದಿಲಕ್ಷ್ಮಿ ಬಚ್ಚಲಿಗೆ ಹೋಗಿ ಬಕೆಟ್ಟಿನ ಅಂಚನ್ನು ಸವರಿದಳು. ನುಣುಪು. ಅಡುಗೆಮನೆಗೆ ಬಂದು ಮಗಳಿಗೆ ನೀರು ಕಾಯಿಸುವ ಪಾತ್ರೆಯನ್ನು ಬೆಳಕಿಗೆ ಹಿಡಿದಳು. ಅದೂ ನುಣುಪು. ಭಯವು ಅವಳಿಗಿಂತ ಒಂದು ಹೆಜ್ಜೆ ಮುಂದೆಯೇ ಆ ಮನೆಯನ್ನು ಸುತ್ತುತ್ತಿತ್ತು.

ಇದೇನೂ ಇಂದು ಹೊಸದಾಗಿ ಕಂಡದ್ದಲ್ಲ. ಎಲ್ಲರೂ ಕಂಡಿದ್ದರು, ಕಂಡು ಹಿಗ್ಗಿದ್ದರು. ಈ ಸಲ ಮಳೆ ಹದವಾಗಿ ಬಿದ್ದು ಊರ ಕೆರೆ ಕೋಡಿ ಹರಿದಿತ್ತು. ಕೆಮ್ಮುತ್ತಿದ್ದ ಮೋಟರುಗಳು ಕೊರಳು ತುಂಬ ನೀರೆತ್ತಿದ್ದವು. ಬೀದಿಯ ಹೆಂಗಸರೆಲ್ಲ ಸೇರಿ ಇವರ ಮನೆಯ ಬೋರ್‌ವೆಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬಳೆ ತೊಡಿಸಿ ಗಂಗಮ್ಮನ ಪೂಜೆ ಮಾಡಿದ್ದರು. ಅದಾದ ಮೇಲೆ ಪಾತ್ರೆಗಳಲ್ಲಿ ಸುಣ್ಣ ಕಟ್ಟುವುದು ನಿಂತಿತು. "ಗಂಗಮ್ಮ ಒಲಿದ್ಲು" ಎಂದರು. ಆದಿಲಕ್ಷ್ಮಿಯ ಗಂಡ ಅಶ್ವತ್ಥಪ್ಪ ಆ ಸಂಭ್ರಮದಲ್ಲಿ ಕಾಂಪೌಂಡಿನ ಹೊರಗೊಂದು ಧರ್ಮದ ನಲ್ಲಿಯನ್ನೇ ಹಾಕಿಸಿದ. ಬೀದಿಗೆ ಬೀದಿಯೇ ಬಿಂದಿಗೆ ತಂದಿತು. ಮಕ್ಕಳಿಗೆ ಕಾರಣ ಕೇಳುವುದನ್ನು ಕಲಿಸಿದ ಆದಿಲಕ್ಷ್ಮಿಯೂ ಬಕೆಟ್ಟು ಉಜ್ಜುವ ಕೆಲಸ ತಪ್ಪಿತೆಂದು ಸುಮ್ಮನಾದಳು. ವರ ಬಂದಾಗ ಅದರ ವಿಳಾಸ ಕೇಳುವವರು ಕಡಿಮೆ.

ಕ್ಯಾನ್ ನೀರು ಸಪ್ಪೆ ಎಂದು ತೇಜಸ್ವಿನಿ ನಲ್ಲಿಯ ನೀರನ್ನೇ ಕುಡಿಯುತ್ತಿದ್ದಳು. ಅದನ್ನು ಕಾಯಿಸಿ, ಆರಿಸಿ, ಲೋಟಕ್ಕೆ ಬಗ್ಗಿಸಿ ಕೊಟ್ಟವಳು ತಾಯಿಯೇ. ಈಚೆಗೆ ಮಗಳು, "ಬಾಯೆಲ್ಲ ಚೊಂಬಿನ ಅಂಚು ಕಚ್ಚಿದ ಹಾಗಿದೆ ಅಮ್ಮಾ" ಎಂದಿದ್ದಳು. ಹೊಟ್ಟೆ ಹಿಂಡುತ್ತದೆ ಎಂದಿದ್ದಳು. ಬಸುರಿಯ ಬಾಯಿ, ಹಾಗೆಯೇ ಇರುತ್ತದೆ ಎಂದು ತಾಯಿ ಸಮಾಧಾನ ಹೇಳಿದ್ದಳು. ಆ ಮಾತುಗಳು ಈಗ ಒಂದೊಂದಾಗಿ ತಿರುಗಿ ಬಂದು ಎದೆಗೆ ತಗುಲಿದವು.

ಅವಳು ಹಿತ್ತಲಿನ ದಾಸವಾಳವನ್ನು ಕಿತ್ತು, ಎಸಳುಗಳನ್ನು ಬಿಸಿನೀರಿನಲ್ಲಿ ಕಿವುಚಿ ರಸ ತೆಗೆದಳು. ತರಗತಿಯಲ್ಲಿ ಎಷ್ಟು ಮಕ್ಕಳ ಮುಂದೆ ಮಾಡಿದ ಪ್ರಯೋಗ! ಈ ಸೀಮೆಯ ನೀರಿಗೆ ಆ ರಸ ಬಿದ್ದರೆ ಹಸಿರಿಗೆ ತಿರುಗುತ್ತದೆ, ಹುಳಿಗೆ ಬಿದ್ದರೆ ಕೆಂಪಾಗುತ್ತದೆ. ನಲ್ಲಿಯ ನೀರನ್ನು ಲೋಟಕ್ಕೆ ಹಿಡಿದು ರಸವನ್ನು ಹನಿಸಿದಳು. ಹಸಿರಾಗು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನೀರು ಕುಂಕುಮ ಕದಡಿದಂತೆ ಕೆಂಪಗಾಯಿತು.

"ಅದೇನಮ್ಮಾ, ಶರಬತ್ತಾ?" ಬಾಗಿಲಲ್ಲಿ ನಿಂತ ತೇಜಸ್ವಿನಿ ಕೈ ಚಾಚಿದಳು.

"ಮುಟ್ಬೇಡ." ತಾಯಿಯ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ಕ್ಯಾನ್ ನೀರು ಬಿಟ್ಟು ಬೇರೇನೂ ಕುಡೀಬೇಡ. ಸೀರೆ ಬದಲಾಯಿಸ್ಕೊ, ಆಸ್ಪತ್ರೆಗೆ ಹೋಗೋಣ."

"ಯಾಕೆ?"

ಆದಿಲಕ್ಷ್ಮಿ ಲೋಟವನ್ನು ಮೋರಿಗೆ ಚೆಲ್ಲಿದಳು. ನೀರಿಗೆ ಹುಳಿ, ಅಂದರೆ ಆ್ಯಸಿಡ್ಡು, ಬೆರೆತಿತ್ತು. ಹುಳಿ ಮಳೆಯೊಂದಿಗೆ ಆಕಾಶದಿಂದ ಇಳಿದದ್ದಲ್ಲ. ಅದು ಎಲ್ಲಿರುತ್ತದೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಶಿವಾರಪಟ್ಟಣದ ಶಿಲ್ಪಿಗಳು ಕೆತ್ತಿದ ವಿಗ್ರಹಗಳಿಗೆ ಹಿತ್ತಾಳೆಯ ಪ್ರಭಾವಳಿ, ಕವಚ ಮಾಡಿಕೊಡುವುದು ಅಶ್ವತ್ಥಪ್ಪನ ಕಸುಬು. ಕಾಯಿಸಿ ಬಡಿದು ಕಪ್ಪಾದ ಹಿತ್ತಾಳೆಗೆ ಹೊಳಪು ಬರಬೇಕಾದರೆ ಆ್ಯಸಿಡ್ಡಿನಲ್ಲಿ ಅದ್ದಬೇಕು. ಬಳಸಿದ ಆ್ಯಸಿಡ್ಡನ್ನು ಸುಣ್ಣದ ಗುಂಡಿಗೆ ಸುರಿದು, ಅದು ನೊರೆಯೆದ್ದು ಸತ್ತಮೇಲೆಯೇ ಹೊರಗೆ ಹಾಕಬೇಕೆಂದು ಅವಳೇ ಕಟ್ಟುಪಾಡು ಮಾಡಿದ್ದಳು. ಸುಣ್ಣದ ಚೀಲ ಮನೆಗೆ ಬಂದು ಎಷ್ಟು ಕಾಲವಾಯಿತು? ನೆನಪಾಗಲಿಲ್ಲ. ಕಾಲುಗಳು ಮಾತ್ರ ಮನೆಯ ಹಿಂದಿನ ಕಾರ್ಖಾನೆಯ ಕಡೆಗೆ ನಡೆದವು.

ಅಶ್ವತ್ಥಪ್ಪ ಅಮ್ಮನವರ ಮುಖವಾಡವೊಂದನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ಮುಖ ಒರೆಸುವಂತೆ ಒರೆಸುತ್ತಿದ್ದ.

"ಸುಣ್ಣದ ಗುಂಡಿ ಎಲ್ಲಿ?"

"ಮುಚ್ಚಿಸ್ದೆ. ವಾಸನೆ ಅಂತ ನೀನೇ ಮೂಗು ಮುಚ್ಕೊಂಡು ಓಡಾಡ್ತಿದ್ಯಲ್ಲ, ಮೇಡಮ್ಮು."

"ಆ್ಯಸಿಡ್ಡು ಎಲ್ಲಿಗ್ ಹೋಗ್ತಿದೆ ಈಗ?"

ಅವನು ಗದ್ದದಿಂದಲೇ ಮೂಲೆಯನ್ನು ತೋರಿಸಿದ. ಆ್ಯಸಿಡ್ಡಿನ ತೊಟ್ಟಿಯಿಂದ ಹೊರಟ ಪೈಪೊಂದು ಅಲ್ಲಿನ ಚಪ್ಪಡಿಕಲ್ಲಿನ ಸಂದಿಯಲ್ಲಿ ಇಳಿದಿತ್ತು. ಕಲ್ಲಿನ ಅಂಚಿಗೆ ಅದೇ ನವಿಲುಗರಿಯ ಬಣ್ಣ. "ಸತ್ತ ಬೋರು ಕಣೇ ಅದು. ಹನಿ ನೀರಿಲ್ಲ ಅಂತ ಬಿಟ್ಟಿದ್ದು. ಪಾತಾಳಕ್ಕೆ ಹೋಗಿದ್ದು ವಾಪಸ್ ಬರುತ್ತಾ?"

ಆ ಬೋರು ವಿಫಲವಾದ ದಿನ ಅದಕ್ಕೊಂದು ಕಲ್ಲು ಹಾಕಿ ಕಿವಿಗೊಟ್ಟದ್ದು ಅವಳಿಗೆ ನೆನಪಿತ್ತು. ಕಲ್ಲು ಗೋಡೆಗೆ ತಾಕುತ್ತ ತಾಕುತ್ತ ಇಳಿದು, ತಳ ಸೇರಿದ ಸದ್ದೂ ಬರದೆ ಅಡಗಿಹೋಗಿತ್ತು. ಆದಿಲಕ್ಷ್ಮಿ ಚಪ್ಪಡಿಯನ್ನು ಕಾಲಿನಿಂದ ಸರಿಸಿದಳು. ಮೂಗು ಸುಡುವ ಗಾಳಿ ಮೇಲೆದ್ದಿತು. ಒಂದು ಬೆಣಚುಕಲ್ಲನ್ನು ಎತ್ತಿ ಒಳಗೆ ಬಿಟ್ಟಳು.

ಗುಳುಂ.

ಸದ್ದು ಬಲು ಹತ್ತಿರದಿಂದ ಬಂತು. ಅಶ್ವತ್ಥಪ್ಪನ ಕೈಯ ಬಟ್ಟೆ ನಿಂತಿತು. ಯಾವ ಮಳೆಗೆ ಊರು ಕೈಮುಗಿದಿತ್ತೋ ಆ ಮಳೆಯೇ ಈ ಸತ್ತ ಬಾವಿಯನ್ನೂ ಎಬ್ಬಿಸಿತ್ತು. ಎಬ್ಬಿಸಿ, ನೆಲದಡಿಯ ಬಿರುಕುಗಳಲ್ಲಿ ಕೈಹಿಡಿದು ನಡೆಸಿ, ಅಂಗಳದ ಬೋರಿಗೆ ಕೂಡಿಸಿತ್ತು.

ದೇವರ ಮೈಗೆ ಹೊಳಪು ಕೊಡುವ ಕೈ ಭೂಮಿಯ ಬಾಯಿಗೆ ವಿಷ ಹುಯ್ಯಬಹುದೆ? ಕಣ್ಣಿಗೆ ಕಾಣದ ಕಡೆ ಸುರಿದದ್ದು ಸುರಿದಂತೆಯೇ ಅಲ್ಲ ಎಂಬ ನಂಬಿಕೆಗಿಂತ ನಾಚಿಕೆಗೆಟ್ಟ ನಂಬಿಕೆ ಇನ್ನೊಂದಿಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕೆನ್ನುತ್ತಾರೆ. ಇಲ್ಲಿ ತಿಂದವನು ಒಬ್ಬ, ಕುಡಿದದ್ದು ಬೀದಿ.

"ತೇಜೂ ಅದನ್ನೇ ಕುಡಿದಿದ್ದಾಳೆ" ಎಂದಳು ಆದಿಲಕ್ಷ್ಮಿ. "ನಾನೇ ಕುಡಿಸಿದ್ದೀನಿ."

ಅಶ್ವತ್ಥಪ್ಪ ಮುಖವಾಡವನ್ನು ಕೆಳಗಿಟ್ಟ. "ಇವತ್ತಿಂದ ನಿಲ್ಲಿಸ್ತೀನಿ. ಅವಳ್ನ ಈಗ್ಲೇ ಕೋಲಾರಕ್ಕೆ ಕರ್ಕೊಂಡ್ ಹೋಗೋಣ. ಹೊರಗಿನ ನಲ್ಲಿ ಕೆಟ್ಟೋಗಿದೆ ಅಂತ ಒಂದು ಬೋರ್ಡ್ ಹಾಕ್ತೀನಿ. ಬೀದಿಗೆಲ್ಲ ಯಾಕ್ ಹೇಳ್ಬೇಕು ಲಕ್ಷ್ಮೀ?"

"ನಮ್ ಮಗಳಿಗೆ ಡಾಕ್ಟ್ರು ಏನ್ ಕುಡಿದ್ರಿ ಅಂತ ಕೇಳ್ತಾರೆ, ಹೇಳ್ತೀವಿ. ಎದುರುಮನೆ ಮುತ್ಯಾಲಮ್ಮನ ಮೊಮ್ಮಗೂನ ಪರವಾಗಿ ಯಾರ್ ಹೇಳ್ತಾರೆ?"

"ದೇವ್ರ ಕವಚ ಮಾಡೋನು ವಿಷ ಹಾಕ್ದ ಅಂತಾರೆ ಕಣೇ."

"ಅಂತಾರೆ. ಹಾಕಿದ್ದೀರಲ್ಲ."

ಹೊರಗೆ ಬಿಂದಿಗೆಗೆ ನೀರು ಬೀಳುವ ಸದ್ದು ಕೇಳಿಸಿತು. ಆದಿಲಕ್ಷ್ಮಿ ಓಡಿದಳು. ಧರ್ಮದ ನಲ್ಲಿಯ ಬಳಿ ಮುತ್ಯಾಲಮ್ಮ ಮೊಮ್ಮಗುವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ಆದಿಲಕ್ಷ್ಮಿ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಬಿಂದಿಗೆಯನ್ನು ಮೋರಿಗೆ ಬಗ್ಗಿಸಿದಳು.

"ಏಮ್ಮಾ, ಏನಾಯ್ತು ನಿಂಗೆ?" ಮುತ್ಯಾಲಮ್ಮ ನಕ್ಕಳು. "ಧರ್ಮ ಮಾಡಿ ಈಗ ಕಿತ್ಕೊಳ್ತೀಯಾ ಮೇಷ್ಟ್ರಮ್ಮಾ?"

"ನೀರು ಕೆಟ್ಟಿದೆ, ಮುತ್ಯಾಲಮ್ಮಾ. ನಮ್ಮ ಕಾರ್ಖಾನೆ ಆ್ಯಸಿಡ್ಡು ಸೇರಿದೆ. ನಾವೇ ಕೆಡಿಸಿದ್ದು."

ನಗು ಮುಖದ ಮೇಲೆಯೇ ಉಳಿದು ಹೆಪ್ಪುಗಟ್ಟಿತು. ಮುತ್ಯಾಲಮ್ಮ ಮಗುವಿನ ತುಟಿಯನ್ನು ಸೆರಗಿನಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು. "ಬೆಳಗ್ಗೆ ಇದ್ರಲ್ಲೇ ರಾಗಿ ಗಂಜಿ ಕಾಸಿ ಕುಡಿಸಿದ್ದೀನಲ್ಲಾ" ಎಂದಳು ಮೆಲ್ಲಗೆ. "ಮೊನ್ನೆಯಿಂದ ವಾಂತಿ ಮಾಡ್ಕೊಳ್ತಾ ಇದೆ. ಹಲ್ಲು ಬರ್ತಿದೆಯೇನೋ ಅಂದ್ಕೊಂಡೆ. ಈಗ ಏನ್ ಮಾಡ್ಲಿ?"

ಆದಿಲಕ್ಷ್ಮಿ ಅವಳ ತೋಳು ಹಿಡಿದಳು. "ಮಗೂನ ಕೆಳಗಿಳಿಸ್ಬೇಡ. ಹಾಗೇ ನಡಿ. ತೇಜೂ ಜೊತೇಲೇ ಹೋಗೋಣ" ಎಂದಳು.

ಮಗಳನ್ನೂ ಅಜ್ಜಿ ಮೊಮ್ಮಗುವನ್ನೂ ಕಾರ್ಖಾನೆಯ ವ್ಯಾನಿಗೆ ಹತ್ತಿಸಿ, ಪಕ್ಕದ ಮನೆಯ ಉದಯಕುಮಾರನನ್ನು ಓಡಿಸಲು ಕರೆದಳು. ಗೇಟಿನ ಬಳಿ ಬಂದು ನಿಂತಿದ್ದ ಗಂಡನಿಗೆ, "ನೀವು ಬರೋದು ಬೇಡ. ಮನೆ ಮನೆಗೆ ಹೋಗಿ ಹೇಳಿ. ನಿಮ್ಮ ಬಾಯಿಂದಾನೇ ಹೇಳಿ" ಎಂದಳು.

ತೇಜಸ್ವಿನಿ ಎರಡೂ ಕೈಗಳಿಂದ ಹೊಟ್ಟೆಯನ್ನು ತಬ್ಬಿಕೊಂಡಿದ್ದಳು. "ಅಮ್ಮಾ, ಬೆಳಗ್ಗೆಯಿಂದ ಒದ್ದೇ ಇಲ್ಲ ಇದು" ಎಂದಳು. ಪಕ್ಕದಲ್ಲಿ ಹತ್ತಿ ಕುಳಿತ ತಾಯಿ ಆ ಕೈಗಳ ಮೇಲೆ ತನ್ನ ಕೈಯನ್ನಿಟ್ಟು, ಒಂದು ಒದೆತಕ್ಕಾಗಿ ಕಾದಳು.

ವ್ಯಾನು ಹೊರಟಿತು. ಶೌಚಾಲಯದ ಕಿಂಡಿಯಿಂದ ತೊಟ್ಟಿಯ ಬುಸುಗುಟ್ಟುವಿಕೆ ಬೀದಿಯವರೆಗೂ ಬರುತ್ತಿತ್ತು. ಅಶ್ವತ್ಥಪ್ಪ ಮೊದಲ ಮನೆಯ ಮುಂದೆ ನಿಂತಿದ್ದ. ಬಾಗಿಲು ತಟ್ಟಲೆಂದು ಎತ್ತಿದ ಕೈ, ವ್ಯಾನು ತಿರುವು ದಾಟುವವರೆಗೂ ಎತ್ತಿದಂತೆಯೇ ಇತ್ತು.