ಬಾಣಂತಿ ನಕ್ಷತ್ರಮೀನು

೧೯೮೪ರಲ್ಲಿ ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷದ ವಸ್ತುಪ್ರದರ್ಶನಕ್ಕೆ ಹತ್ತನೆಯ ತರಗತಿಯ ವರದಾ ಆರಿಸಿಕೊಂಡದ್ದು ನನ್ನ ಬಳಿಯಿದ್ದ ಒಂದು ನಕ್ಷತ್ರಮೀನನ್ನು. ದಕ್ಷಿಣದ ಹಿಮಸಮುದ್ರಕ್ಕೆ ಹಡಗಿನಲ್ಲಿ ಹೋಗಿಬಂದ ಸಹಪಾಠಿಯೊಬ್ಬ ಅದನ್ನು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಕಳಿಸಿದ್ದ. ಕೋಟಿನ ಗುಂಡಿಯಷ್ಟಗಲ, ಐದು ಮೋಟು ತೋಳು, ಸುಣ್ಣದ ಬಿಳುಪು.

ವರದಾಳ ಅಪ್ಪ ಮಂಜಯ್ಯ ಹೇಳಿದ್ದರು: ಜಿಲ್ಲೆಗೆ ಆಯ್ಕೆಯಾದರೆ ಮುಂದೆ ಕಾಲೇಜು, ಇಲ್ಲದಿದ್ದರೆ ಮನೆ. ಮಂಜಯ್ಯ ಮಾತಿಗೆ ತಪ್ಪುವವರಲ್ಲ. ಕಷ್ಟವೇ ಅದು.

ಹುಡುಗಿ ವಾರವಿಡೀ ಗಟ್ಟಿಯಾಗಿ ಉರುಹೊಡೆದಳು. "ಈ ತಾಯಿ ಮರಿಗಳನ್ನು ಬಾಯಿಯ ಸುತ್ತ ಅವುಚಿಕೊಂಡು ಕೂರುತ್ತದೆ. ಅವು ನಡೆಯುವ ತನಕ, ತಿಂಗಳುಗಟ್ಟಲೆ, ಏನೂ ತಿನ್ನುವುದಿಲ್ಲ." ತೊಡಕು ಒಂದೇ. ಮರಿಗಳೂ ತಾಯಿಯಷ್ಟೇ ಬಿಳಿ, ಸಾಸಿವೆಯಷ್ಟು ಚಿಕ್ಕವು. ಬಾಟಲಿಯನ್ನು ಎಷ್ಟು ತಿರುಗಿಸಿದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಮರಿ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ಲಿ ಅಕ್ಕೋರೇ?"

"ನಂಬಿ ಅಂತ ಹೇಳು," ಎಂದೆ. ಅವಳಿಗೆ ನಗು ಬರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ ಸ್ಪಿರಿಟ್ ಚೆಲ್ಲಿ ಕಷಾಯ ತುಂಬಿದೆ. ಪಕ್ಕದಲ್ಲಿ ಪೊರಕೆ ಹಿಡಿದು ದುರ್ಗಮ್ಮ. ಶಾಲೆ ಗುಡಿಸುವುದು ಅವಳ ಕೆಲಸ. ಊರಿನ ಹೆರಿಗೆಗಳೂ ಅವಳ ಕೈಯಲ್ಲೇ.

"ಇದಕ್ಕೆ ಎಂತ ಹಾಕಿದೆ ದುರ್ಗಮ್ಮ?"

"ಬಾಣಂತಿ ಮದ್ದು. ಶುಂಠಿ, ಮೆಣಸು, ಬೆಲ್ಲ, ಅರಿಶಿನ. ಅರಿಶಿನ ಒಂದು ಕೈ ಮುಂದೆ."

"ಅದು ಸತ್ತು ವರ್ಷ ಆಯ್ತಲ್ಲ."

"ಗೊತ್ತು. ವಾರದಿಂದ ಈ ಹುಡ್ಗಿ ಒದರ್ತಾ ಇತ್ತಲ್ಲ, ತಿಂಗ್ಳುಗಟ್ಲೆ ಉಪಾಸ ಅಂತ. ಹಸ್ಕಂಡು ಸತ್ತ ಬಾಣಂತಿಗೆ ಎಡೆ ಇಡ್ದಿದ್ರೆ ಸುಮ್ನೆ ಇರ್ತಾಳಾ? ಶಾಲೆಗೇ ಬಂದು ಕೂರ್ತಾಳೆ."

ವರದಾ ಗೋಡೆಗೆ ಮುಖ ಮಾಡಿ ನಿಂತಳು. ಬೇರೆ ಸ್ಪಿರಿಟ್ ಇರಲಿಲ್ಲ. ಅಷ್ಟರಲ್ಲಿ ಸಾಗರ ಪೇಟೆಯಿಂದ ತೀರ್ಪುಗಾರರು ಬಂದೇಬಿಟ್ಟರು. ಗಜಾನನ ಮಾಸ್ತರರು, ನಿವೃತ್ತರು.

"ಇದೇನಮ್ಮ, ಕಾಫಿಯಾ?"

ವರದಾ ಕಣ್ಣೊರೆಸಿಕೊಂಡು ಚಿಮಟದಿಂದ ನಕ್ಷತ್ರಮೀನನ್ನು ಎತ್ತಿ, ಬಿಳಿ ಬಸಿಯಲ್ಲಿ ಅಂಗಾತ ಇಟ್ಟಳು.

ತಾಯಿಗೆ ಬಣ್ಣ ಅಷ್ಟೇನೂ ಹಿಡಿದಿರಲಿಲ್ಲ. ಅದರ ಬಾಯಿಯ ಸುತ್ತ ಮಾತ್ರ ಕಡು ಹಳದಿ ಕಾಳುಗಳು. ಒಂದೊಂದಕ್ಕೂ ಐದು ಮೂಲೆ. ಮಾಸ್ತರರು ಕನ್ನಡಕ ತೆಗೆದು ಬಸಿಯ ಮೇಲೆ ಬಗ್ಗಿದರು.

"ಇವು ಮರಿಗಳಾ?"

"ಹೌದು ಸಾರ್. ಹನ್ನೊಂದು." ಅವಳೂ ಅವನ್ನು ನೋಡುತ್ತಿದ್ದುದು ಅದೇ ಮೊದಲು.

"ತಾಯಿಗೆ ಹಿಡೀದೆ ಮರಿಗೆ ಮಾತ್ರ ಹಿಡಿಯೋ ಬಣ್ಣ ಎಲ್ಲಿ ಸಿಕ್ತು?"

ವರದಾ ನನ್ನನ್ನು ನೋಡಿದಳು. ನಾನು ದುರ್ಗಮ್ಮನನ್ನು ನೋಡಿದೆ.

"ಬಾಣಂತಿ ಮದ್ದು ತಾಯಿಗಲ್ಲ ಸ್ವಾಮಿ," ದುರ್ಗಮ್ಮ ಗುಡಿಸುತ್ತಲೇ ಹೇಳಿದಳು. "ಅದು ಕೂಸಿಗೇ ಇಳಿಯೋದು. ಇಷ್ಟು ಓದಿದೋರಿಗೆ ಗೊತ್ತಿಲ್ವಾ?"

ಮಾಸ್ತರರು ಅದನ್ನು ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ. ಜಿಲ್ಲೆಯ ಪಟ್ಟಿಗೆ ವರದಾಳ ಹೆಸರನ್ನಂತೂ ಬರೆದುಕೊಂಡರು.

ಸಂಜೆ ಮಂಜಯ್ಯ ಬಂದರು. ಬಸಿಯನ್ನು ಬಹಳ ಹೊತ್ತು ನೋಡಿದರು.

"ಇಷ್ಟು ಸಣ್ಣದಕ್ಕಾ ಕಾಲೇಜು?"

"ಹೌದು," ಎಂದೆ.

"ಯಾವ ಕಾಲೇಜು ಅಂತ ನೀವೇ ನೋಡಿ ಹಂಗಾದ್ರೆ," ಎಂದು ಛತ್ರಿ ಎತ್ತಿಕೊಂಡರು.