ಇಪ್ಪತ್ತೊಂದು ‘ಇಲ್ಲ’

ನನ್ನ ಗಂಡ ಶಾಂತಿಪಾಲನಾ ಪಡೆಯಿಂದ ಮರಳಿ ಏಳು ತಿಂಗಳಾಯಿತು. ಮನೆಗೆ ಮಾತ್ರ ಇನ್ನೂ ಬಂದಿಲ್ಲ. ಹೀಗೆಂದರೆ ನಮ್ಮತ್ತೆಗೆ ಸಿಟ್ಟು. “ಎದುರಿಗೇ ಕೂತಿದಾನಲ್ಲೇ, ಕಣ್ಣು ಕಾಣಲ್ವಾ ನಿಂಗೆ?” ಎನ್ನುತ್ತಾರೆ. ಕೂತಿರುವುದೇನೋ ನಿಜ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಮೇಲೆ ಕಣ್ಣಿಟ್ಟು. ನಾನು ದರ್ಜಿ. ಸೊರಗಿದ ಮೈಗೆ ತಕ್ಕಂತೆ ಇವರ ಅಂಗಿಗಳನ್ನೆಲ್ಲ ಎರಡೆರಡು ಬೆರಳು ಒಳಗೆ ಹಿಡಿದಿದ್ದೇನೆ. ಅದು ನನ್ನ ಕೈಲಾಗುವ ಕೆಲಸ. ಮೊದಲೆಲ್ಲ ನನ್ನ ಹೊಲಿಗೆಯಂತ್ರದ ಸದ್ದಿಗೆ ತಾಳ ಹಾಕಿ ಕಾಡುತ್ತಿದ್ದರು. ಈಗ ಆ ಸದ್ದು ಶುರುವಾದರೆ ಎದ್ದು ಹೊರಗೆ ಹೋಗುತ್ತಾರೆ. ಆ ಕಾಟ ನನಗೆ ಮತ್ತೆ ಬೇಕು.

ಆ ಪರದೇಶದಲ್ಲಿ ಇವರದು ಪಡೆಯ ಶಿಬಿರದ ಗೇಟು ಕಾಯುವ ಕೆಲಸ. ಒಂದು ಮಧ್ಯಾಹ್ನ ಸುತ್ತಲಿನ ಜನ ಮಕ್ಕಳನ್ನೆತ್ತಿಕೊಂಡು ಓಡಿ ಬಂದು, ಒಳಗೆ ಬಿಡಿ ಎಂದು ಅಂಗಲಾಚಿದರಂತೆ. ತೆರೆಯಬಾರದೆಂದು ಮೇಲಿನವರ ಅಪ್ಪಣೆ. ಬೀಗದ ಕೈ ಇವರ ಜೇಬಿನಲ್ಲೇ ಇತ್ತು. ಇಷ್ಟನ್ನು ಒಂದೇ ಒಂದು ಸಲ, ಈರುಳ್ಳಿ ಹೆಚ್ಚುತ್ತಾ ಹೇಳಿದರು. ಆಮೇಲೇನಾಯಿತೆಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ.

ಊರಿಗೆ ಹೊರಡುವ ಮುನ್ನ ಪಡೆಯವರಿಗೆಲ್ಲ ಒಂದು ಪ್ರಶ್ನಾವಳಿ ಕೊಡುತ್ತಾರೆ. ನಿದ್ದೆ ಕೆಡುತ್ತದೆಯೇ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆಯೇ, ಹೀಗೆ ಇಪ್ಪತ್ತೊಂದು ಪ್ರಶ್ನೆ. ‘ಹೌದು’ ಎಂದವನ ಪ್ರಯಾಣ ಮುಂದಕ್ಕೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಇಡೀ ತುಕಡಿ ಕಣ್ಣು ಮುಚ್ಚಿ ‘ಇಲ್ಲ’ಕ್ಕೆ ಗುರುತು ಹಾಕಿ ವಿಮಾನ ಹತ್ತಿತು.

ಮೊನ್ನೆ ಅದೇ ಪ್ರಶ್ನಾವಳಿ ಮತ್ತೆ ಬಂತು. ಪುನಃ ಅಲ್ಲಿಗೇ ಹೋಗಲು ಇವರು ಹೆಸರು ಕೊಟ್ಟಿದ್ದರು, ನನಗೊಂದು ಮಾತೂ ಹೇಳದೆ.

“ಅಲ್ಲಿಗೆ ಹೋದ್ರೆ ಸರಿಹೋಗ್ತೀನಿ ಕಣೆ” ಎಂದರು.

ನಾನು ಇವರಿಗಾಗಿ ಹಂಬಲಿಸುತ್ತಿದ್ದರೆ ಇವರು ಆ ಗೇಟಿಗಾಗಿ ಹಂಬಲಿಸುತ್ತಿದ್ದರು. ಹೊಟ್ಟೆ ಉರಿಯಿತು. ಸವತಿಯಾದರೂ ಇದ್ದಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು.

ತಪಾಸಣೆಗೆ ಹೆಂಡತಿಯೂ ಬರಬೇಕೆಂದಿದ್ದರಿಂದ ನಾನೂ ಜೊತೆಗೆ ಹೋದೆ. ಸೇನಾ ಆಸ್ಪತ್ರೆಯ ಡಾಕ್ಟರಮ್ಮ ಇವರು ಈ ಸಲವೂ ಗುರುತು ಹಾಕಿದ್ದ ಇಪ್ಪತ್ತೊಂದು ‘ಇಲ್ಲ’ಗಳನ್ನೂ ಓದಿದರು. ಸಹಿ ಹಾಕುವ ಮುನ್ನ ನನ್ನತ್ತ ತಿರುಗಿ, “ನೀವೇನಂತೀರಮ್ಮ? ಸರಿಯಾಗಿ ನಿದ್ದೆ ಮಾಡ್ತಾರಾ?” ಎಂದರು.

ಮೇಜಿನಡಿ ಇವರ ಪಾದ ನನ್ನ ಪಾದವನ್ನು ಒತ್ತಿತು. ಏಳು ತಿಂಗಳಲ್ಲಿ ಇವರಾಗಿ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆ ಒಂದು ಸ್ಪರ್ಶಕ್ಕಾಗಿ ಸುಳ್ಳು ಹೇಳಿಬಿಡೋಣ ಎನಿಸಿತು.

“ಮಾಡಲ್ಲ ಡಾಕ್ಟ್ರೇ” ಎಂದೆ. “ಒಂದು ದಿನಾನೂ ಮಾಡಲ್ಲ.”

ಪಾದ ಹಿಂದಕ್ಕೆ ಸರಿಯಿತು.

“ಯಾಕೆ ನನ್ನ ಹಿಡಿದಿಡ್ತೀಯಾ?” ಎಂದರು ಇವರು.

“ಹಿಡ್ಕೊಳ್ಳೋಕೆ ನೀವು ಕೈಗೆ ಸಿಕ್ಕಿದ್ರೆ ತಾನೇ!” ಎಂದೆ. ಡಾಕ್ಟರಮ್ಮನ ಎದುರೇ ಅಳು ಬಂತು.

“ಏನಂತ ಬರ್ಕೊಳ್ಳಲಿ?” ಎಂದು ಅವರು ಇವರನ್ನು ಕೇಳಿದರು.

ಇವರು ನನ್ನ ಮುಖ ನೋಡಿದರು.

“ಅವಳು ಹೇಳಿದ್ದನ್ನೇ ಬರ್ಕೊಳ್ಳಿ. ಮಿಕ್ಕ ಇಪ್ಪತ್ತನ್ನೂ ಅವಳನ್ನೇ ಕೇಳಿ.”