ಹಸಿರು ಚೆರಿಯ ಕೆಳಗೆ ನಾಲ್ಕನೆಯ ದಿನ

ನಜುನಾ ಮಿಡ್ಲ್ ಸ್ಕೂಲು ಸೇರೋ ವರ್ಷ, ಹಸಿರು ಚೆರಿ ಹೂ ಬಿಟ್ಟಾಗ ನಾನೇ ಕರಕೊಂಡು ಬರ್ತೀನಿ, ಅಲ್ಲೀವರೆಗೂ ಮಗು ಮನಸ್ಸು ಕಲಕಬೇಡ ಚಿಗುಸಾ, ಎಂದಿದ್ದ ತಕಫುಮಿ, ಆರು ವರ್ಷದ ಹಿಂದೆ, ವಿಚ್ಛೇದನದ ಕಾಗದಕ್ಕೆ ಮುದ್ರೆ ಒತ್ತಿ, ಬಿಸಿ ಸಾರು ಆರಿಸುವವನ ಹಾಗೆ ಶಾಯಿಯನ್ನು ಊದುತ್ತ — ಈಗ ಗಾಳಿ ಬಂತು, ತಲೆಯ ಮೇಲಿನ ಕೊಂಬೆ ಅಲ್ಲಾಡಿತು, ಎಂಥ ಹಸಿರು ಇದು, ಎಲೆಯೋ ಹೂವೋ ದೂರದವರಿಗೆ ತಿಳಿಯದು, ಹತ್ತಿರ ಬಂದು ಕತ್ತು ಎತ್ತಿದವರಿಗೆ ಮಾತ್ರ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ದಿನ ಯಾವುದು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ, ಹೂವೇ ದಿನ ಹೇಳುತ್ತದೆ ಅಂದುಕೊಂಡೆ, ಪೆದ್ದಿ, ಟಿವಿಯವರು ಲೆಕ್ಕ ಹಾಕಿ ಮುಂಚೆಯೇ ಸಾರುವುದು ಊರೆಲ್ಲ ಚಾಪೆ ಹಾಸಿ ಕೂರುವ ಆ ತೆಳುಗುಲಾಬಿ ಚೆರಿಯ ದಿನವನ್ನು, ಇದರ ದಿನ ಯಾರು ಸಾರುತ್ತಾರೆ, ಅದಕ್ಕೇ ನಾಲ್ಕು ದಿನದಿಂದ ಇದೇ ಕಲ್ಲುಬೆಂಚು, ಡಬ್ಬಿ ಊಟದ ಅಡುಗೆಮನೆಯಿಂದ ನೇರ, ಕೈಯಲ್ಲಿ ಇನ್ನೂ ವಿನೆಗರ್ ವಾಸನೆ, ಊರಿಗೆಲ್ಲ ಹೂ ನೋಡುವ ಊಟ ಕಟ್ಟುವವರಿಗೆ ಹೂ ನೋಡಲು ಪುರಸೊತ್ತು ಎಲ್ಲಿ, ಏಪ್ರಿಲ್ ಮೊದಲ ಎರಡು ವಾರ ದಿನಕ್ಕೆ ಸಾವಿರದಿನ್ನೂರು ಡಬ್ಬಿ, ಅವೆಲ್ಲ ಮುಗಿದು ಸೊಂಟ ನೆಟ್ಟಗಾಗುವ ಹೊತ್ತಿಗೆ ಬಿಟ್ಟಿರುವುದು ಇದೊಂದೇ, ಹಾಗಾಗಿ ಆಗೆಲ್ಲ ನಮ್ಮ ಮೂವರ ಹಬ್ಬ ಯಾವಾಗಲೂ ಈ ಮರದ ಕೆಳಗೆ, ಪಾರ್ಕೆಲ್ಲ ಖಾಲಿ, ನಜುನಾ ತನ್ನ ಸಿಹಿ ಮೊಟ್ಟೆ ಸುರುಳಿ ತಿಂದು ಅಪ್ಪನದನ್ನು ಕಸಿದು ನನ್ನದಕ್ಕೂ ಕೈ ಹಾಕುವಳು, ಏಯ್ ಕಳ್ಳಿ, ಅಮ್ಮನಿಗೊಂದು ಬಿಡೇ, ಅಮ್ಮ ದಿನಾ ಮಾಡ್ತಾಳಲ್ಲ ಅಪ್ಪ, ಸಾಕು ಅವಳಿಗೆ — ನಾಲ್ಕು ದಿನವೂ ಎರಡು ಡಬ್ಬಿ ತಂದೆ, ಕಳೆದ ಮೂರು ಸಂಜೆಯೂ ಎರಡನ್ನೂ ನಾನೇ ತಿಂದೆ.

ಏನಮ್ಮ, ಇವತ್ತೂ ಹಾಜರಿನಾ, ಎಂದ ಕುರೋಇವಾ ಅಜ್ಜ, ಪಾರ್ಕು ಗುಡಿಸುವವನು, ಪೊರಕೆಯ ಹಿಡಿಗೆ ಗಲ್ಲ ಊರಿ, ನಿಮಗಾದ್ರೆ ಸಂಬಳ ಇಲ್ಲ ನನಗಾದ್ರೂ ಇದೆ, ಎಂದು ತಾನೇ ನಕ್ಕ, ಆಮೇಲೆ ಕೊಂಬೆ ಬಗ್ಗಿಸಿ ತೋರಿಸಿದ, ನೋಡಿ, ಹೂವಿನ ನಡುವೆ ಕೆಂಪು ಗೆರೆ ಬಂತು, ಮುದುಕಿ ತುಟಿಗೆ ಬಣ್ಣ ಹಚ್ಚಿದ್ಹಾಗೆ, ನಾಳೆ ನಾಡಿದ್ದರಲ್ಲಿ ಎಲ್ಲಾ ನನ್ನ ಬುಟ್ಟಿಗೆ. ಅಂದರೆ ಇವತ್ತೇ, ಇವತ್ತು ಬಿಟ್ಟರೆ ಇಲ್ಲ, ನಾಳೆ ರಜೆ ಕೇಳುವ ಮುಖವಿಲ್ಲ, ಮೇಲ್ವಿಚಾರಕಿ ಹೊಶಿನಾ ಆಗಲೇ ಅಂದಾಯಿತು, ಮತ್ತೆ ಬೇಗ ಹೋಗ್ಬೇಕಾ, ಮರ ಏನು ಓಡಿಹೋಗುತ್ತಾ, ಓಡಲ್ಲ ಮೇಡಂ, ಉದುರುತ್ತೆ — ಅತ್ತೆ ಅಂದದ್ದು ಇನ್ನೂ ಕಿವಿಯಲ್ಲಿದೆ, ಎರಡು ಮನೆ ಮಗು ಎರಡೂ ಕಡೆ ಅಳುತ್ತೆ, ನೀನು ದೂರ ಇರೋದೇ ಪ್ರೀತಿ, ದೂರವೇ ಇದ್ದೆ, ಹಲ್ಲು ಬಿದ್ದಾಗ ಇರಲಿಲ್ಲ, ಜ್ವರ ಬಂದಾಗ ಇರಲಿಲ್ಲ, ಈಜು ಕಲಿತಳೋ ಇಲ್ಲವೋ, ಎತ್ತರ ಎಷ್ಟೋ, ನಾನು ಮನಸ್ಸಿನಲ್ಲಿ ಬಾಚುವುದು ಆರು ವರ್ಷದ ಮಗುವಿನ ಕೂದಲನ್ನೇ, ಎದುರಿಗೆ ಬಂದರೆ ಗುರುತು ಹಿಡಿಯುತ್ತೇನೆಯೇ, ಹಿಡಿಯದಿದ್ದರೆ, ಅವಳು ದಾಟಿಯೇ ಹೋದರೆ —

ಅಜ್ಜಾ, ಹಸಿರು ಚೆರಿ ಯಾವುದು, ಎಂದಿತು ಗೇಟಿನ ಬಳಿ ಒಂದು ದನಿ, ಕುರೋಇವಾ ಪೊರಕೆ ಎತ್ತಿ ನನ್ನ ಕಡೆಗೇ ತೋರಿಸಿದ, ಕಡುನೀಲಿ ಸಮವಸ್ತ್ರದ ಹುಡುಗಿ, ಹಿಂದೆ ಯಾರೂ ಇಲ್ಲ, ನಾನು ಅವಳ ಹಿಂದೆಯೇ ನೋಡುತ್ತಿದ್ದೆ, ಅವನಿಗಾಗಿ, ಅಷ್ಟರಲ್ಲಿ ಅವಳು ಎದುರಿಗೇ ನಿಂತಿದ್ದಳು, ಹುಬ್ಬು ನನ್ನದು, ಅಮ್ಮ ಎನ್ನಬೇಕೋ ಏನೆನ್ನಬೇಕೋ ತಿಳಿಯದೆ ತಡವರಿಸಿ, ನೀವು ಬಂದಿರ್ತೀರ ಅಂತ ಗೊತ್ತಿತ್ತು, ಎಂದಳು, ಅಪ್ಪ ಮುಂದಿನ ವರ್ಷ ನೋಡೋಣ ಅಂದ್ರು, ಟೆನ್ನಿಸ್ ಅಭ್ಯಾಸ ಇದೆ ಅಂತ ಸುಳ್ಳು ಹೇಳಿ ಬಂದೆ, ಎರಡು ರೈಲು ಬದಲಾಯಿಸ್ದೆ, ಬೈತೀರಾ? ನೀವು ಎಂದಳು, ನೀವು, ಬೈಯಬೇಕೋ ತಬ್ಬಬೇಕೋ, ಕಣ್ಣು ಅವಳ ಸಮವಸ್ತ್ರದ ತೋಳಿನ ಮೇಲೆ ನಿಂತುಬಿಟ್ಟಿದೆ, ಮೂರು ವರ್ಷ ಬರಲಿ ಎಂದು ದೊಡ್ಡ ಅಳತೆ ಕೊಂಡಿದ್ದಾರೆ, ಎಲ್ಲರೂ ಕೊಳ್ಳುವುದು ಹಾಗೆಯೇ, ಕೊಂಡು ಒಳಗೆ ಒಂದು ಮಡಿಕೆ ಹಾಕಿ ಹೊಲಿದುಕೊಡುತ್ತಾರೆ, ಹತ್ತು ನಿಮಿಷದ ಕೆಲಸ, ಯಾರೂ ಹೊಲಿದಿಲ್ಲ, ತೋಳು ಇಳಿದು ಬೆರಳ ತುದಿ ಮಾತ್ರ ಕಾಣುತ್ತಿದೆ, ಅವಳು ಮೇಲೆಳೆದುಕೊಳ್ಳುತ್ತಾಳೆ, ಮತ್ತೆ ಇಳಿಯುತ್ತದೆ, ಯಾರೂ ಹೊಲಿದಿಲ್ಲ, ಆ ತೋಳು, ಬೆರಳ ತುದಿ, ಆ ತೋಳು —

ತಕಫುಮಿ ಕರೆದುಕೊಂಡು ಬರಲಿಲ್ಲ. ಅವಳೇ ಬಂದಳು.